ಹತ್ತನೆಯ ಹೆಸರು

ಹೋದ ಜೂನ್ ತಿಂಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಕುಂದಾಪುರದ ನಮ್ಮ ಮನೆಗೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಒಬ್ಬಳಿಗೆ ಬೈಂದೂರಿನ ಒಳಭಾಗದ ಶಾಲೆ, ಇನ್ನೊಬ್ಬಳಿಗೆ ಕಡಲ ಬದಿಯದು. ಎರಡೂ ಒಂದರಿಂದ ಐದನೆಯ ತರಗತಿಯವರೆಗಿನ ಸಣ್ಣ ಸರಕಾರಿ ಶಾಲೆಗಳು. ಎರಡರಲ್ಲೂ ಇವರೊಬ್ಬರೇ ಟೀಚರ್. ಐದು ತರಗತಿಗಳನ್ನು ಒಬ್ಬರೇ ಹೇಗೆ ನಡೆಸುವುದು ಎಂದು ಕೇಳಿದರು. ನಾನು ಚಾ ಕೊಟ್ಟು, ವೇಳಾಪಟ್ಟಿ ಹಾಕುವ ರೀತಿ, ದೊಡ್ಡ ಮಕ್ಕಳಿಂದ ಸಣ್ಣವರಿಗೆ ಓದಿಸುವ ಉಪಾಯ, ಫಾರಂ ತುಂಬುವ ಕೆಲಸವನ್ನು ಮಕ್ಕಳು ಮನೆಗೆ ಹೋದ ಮೇಲೆ ಇಟ್ಟುಕೊಳ್ಳಬೇಕೆಂಬ ಮಾತು, ಇಷ್ಟನ್ನು ಹೇಳಿ ಕಳಿಸಿದೆ. ಅವರು ಬರೆದುಕೊಂಡು ಹೋದರು. ಅವರು ಗೇಟು ದಾಟುವಷ್ಟರಲ್ಲಿ, ಹೇಳಬೇಕಾದದ್ದನ್ನು ಹೇಳಲೇ ಇಲ್ಲ ಎಂದು ನನಗೆ ಅನ್ನಿಸಿತು. ಹೇಳಬೇಕಾದದ್ದು ನನ್ನ ಒಂದು ತಪ್ಪಿನ ಸಂಗತಿ. ಎದುರು ಕೂತು ಅದನ್ನು ಹೇಳುವ ಧೈರ್ಯ ಬರಲಿಲ್ಲ. ಆದ್ದರಿಂದ ಒಬ್ಬರೇ ಶಾಲೆ ನಡೆಸುವ ನಿಮ್ಮಂಥವರಿಗೆಲ್ಲ ಬರೆಯುತ್ತಿದ್ದೇನೆ.

ನನ್ನ ತವರು ಬ್ರಹ್ಮಾವರದ ಹತ್ತಿರ. ಕೆಲಸ ಮಾಡಿದ್ದು ನಾಲ್ಕು ಶಾಲೆಗಳಲ್ಲಿ. ಕೊನೆಯದು ನಾವುಂದದಿಂದ ಪಡುಬದಿಗೆ, ಕಡಲಿಗೆ ಹತ್ತಿರದ ಶಾಲೆ. ಬಸ್ಸು ಇಳಿದು ಇಪ್ಪತ್ತು ನಿಮಿಷ ಮರಳು ಹೊಯಿಗೆಯ ದಾರಿಯಲ್ಲಿ ನಡೆಯಬೇಕು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ಬೇಗ ಹೋಗಬಹುದು ಎಂದು ಮೊದಲ ವಾರವೇ ಕಲಿತೆ. ನಾನು ಹೋದಾಗ ಅಲ್ಲಿ ಮೂವರು ಶಿಕ್ಷಕರು, ಅರವತ್ತರ ಹತ್ತಿರ ಮಕ್ಕಳು. ಆಮೇಲೆ ಇಂಗ್ಲಿಷ್ ಶಾಲೆಗಳ ವ್ಯಾನು ಊರೊಳಗೆ ಬರತೊಡಗಿತು. ಮಕ್ಕಳು ಕಡಿಮೆಯಾದ ಹಾಗೆ ಶಿಕ್ಷಕರೂ ಕಡಿಮೆಯಾದರು. ಒಬ್ಬರು ನಿವೃತ್ತರಾದರು, ಒಬ್ಬರಿಗೆ ವರ್ಗವಾಯಿತು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದವಳು ನಾನು.

ಒಂಟಿಯಾಗಿದ್ದ ಆ ದಿನಗಳಲ್ಲಿ ಒಮ್ಮೆ ನಮ್ಮ ಮೇಲಧಿಕಾರಿ ಒಬ್ಬರು ಹೇಳದೆ ಕೇಳದೆ ಬಂದರು. ನಾನು ಆಗ ಮೇಜಿನ ಹತ್ತಿರ ಕೂತು ಯಾವುದೋ ಮಾಹಿತಿಯನ್ನು ಫೋನಿನಲ್ಲಿ ತುಂಬುತ್ತಿದ್ದೆ. ಮಕ್ಕಳು ಕಾಪಿ ಬರೆಯುತ್ತಿದ್ದರು. ಬೈಗುಳ ಖಂಡಿತ ಎಂದುಕೊಂಡು ಎದ್ದು ನಿಂತೆ. ಅವರು ಬೈಯಲಿಲ್ಲ. ನೆಲದ ಮೇಲೆ ಒಂದನೆಯ ತರಗತಿಯವರ ಪಕ್ಕ ಕೂತು, ನೀವು ಅದನ್ನು ಮುಗಿಸಿ ಎಂದು ನನಗೆ ಹೇಳಿ, ಅರ್ಧ ಗಂಟೆ ತಾವೇ ಪಾಠ ಮಾಡಿದರು. ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು: ಈ ದಿನ ನಿಮ್ಮ ಹತ್ತಿರ ಒಂದೂ ಮಾತಾಡದ ಮಕ್ಕಳು ಯಾರು ಯಾರು? ಹಾಜರಿ ಪುಸ್ತಕ ನೋಡದೆ ಹೇಳಿ ಎಂದರು. ಗಲಾಟೆ ಮಾಡಿದವರ, ತಪ್ಪು ಮಾಡಿದವರ, ಬೇಗ ಬರೆದು ತೋರಿಸಿದವರ ಹೆಸರು ಬಾಯಿಗೆ ಬಂತು. ಸುಮ್ಮನೆ ಕೂತವರು ಯಾರೂ ನೆನಪಾಗಲಿಲ್ಲ. ಅವರು ನಕ್ಕು, ಸಂಜೆ ಬಸ್ಸಿನಲ್ಲಿ ಕೂತು ನೆನಪು ಮಾಡಿಕೊಳ್ಳಿ ಎಂದು ಹೇಳಿ ಹೋದರು. ಕೆಲವು ದಿನ ಹಾಗೆ ಮಾಡಿದೆ. ಆಮೇಲೆ ಬಸ್ಸಿನಲ್ಲಿ ನಿದ್ರೆ ಬರುತ್ತಿತ್ತು.

ಕೊರೊನಾಕ್ಕೆ ಮುಚ್ಚಿದ್ದ ಬಾಗಿಲು ತೆಗೆದು ಶಾಲೆ ಮತ್ತೆ ಶುರುವಾದಾಗ ನಾವೆಲ್ಲ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಒಂದೂವರೆ ವರ್ಷ ಶಾಲೆ ಕಾಣದ ಮಕ್ಕಳು ಕಲಿತದ್ದನ್ನೆಲ್ಲ ಮರೆತಿದ್ದರು. ಅವರಲ್ಲಿ ಸನ್ನಿಧಿ ಎಂಬ ಹುಡುಗಿಯೂ ಒಬ್ಬಳು. ಅಪ್ಪ ಬೋಟಿಗೆ ಹೋಗುವವನು, ಅಮ್ಮ ಬೆಳಿಗ್ಗೆ ಬೇಗ ಮೀನು ಫ್ಯಾಕ್ಟರಿಯ ಗಾಡಿ ಹತ್ತುವವಳು. ಶಾಲೆಯ ವಿಚಾರವೆಲ್ಲ ನೋಡಿಕೊಳ್ಳುತ್ತಿದ್ದದ್ದು ಅಜ್ಜಿ ಲಚ್ಚಕ್ಕ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸು. ಒಂದನೆಯ ತರಗತಿಯಲ್ಲಿ ಸನ್ನಿಧಿ ಚುರುಕಾಗಿದ್ದಳು. ಹಾಡು ಹೇಳಿಕೊಟ್ಟರೆ ನನ್ನ ಮುಖವನ್ನೇ ನೋಡುತ್ತ ಎಲ್ಲರ ಜೊತೆ ಹೇಳುತ್ತಿದ್ದಳು. ಈಗ ಮೂರನೆಯ ತರಗತಿಗೆ ಬಂದವಳು ಕೇಳಿದ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿರಲಿಲ್ಲ. ನನ್ನ ಕಣ್ಣನ್ನು ನೋಡುತ್ತ ನಿಲ್ಲುತ್ತಿದ್ದಳು. ಎಲ್ಲರಂತೆ ಇವಳೂ ಮರೆತಿದ್ದಾಳೆ, ತುಸು ಹೆಚ್ಚೇ ಮರೆತಿದ್ದಾಳೆ ಎಂದುಕೊಂಡೆ. ಅವಳನ್ನು ಒಂದನೆಯವರ ಸಾಲಿನಲ್ಲಿ ಕೂರಿಸಿ ಅ ಆ ತಿದ್ದಲು ಕೊಟ್ಟೆ. ಎರಡು ತಿಂಗಳು ಆ ಮಗು ಏನೂ ಹೇಳದೆ ಅ ಆ ತಿದ್ದಿತು.

ನನ್ನ ಕಣ್ಣು ತೆರೆಸಿದ್ದು ಅಡುಗೆಯ ಗಿರಿಜಕ್ಕ. ಬಿಸಿಯೂಟದ ಒಲೆಯ ಮುಂದೆ ಮಾಸ್ಕ್ ಕಟ್ಟಿದರೆ ಉಸಿರು ಕಟ್ಟುತ್ತದೆ ಎಂದು ಅವರು ಅದನ್ನು ಗಲ್ಲದ ಕೆಳಗೆ ಎಳೆದುಕೊಂಡೇ ಇರುತ್ತಿದ್ದರು. ನಾನು ಎಷ್ಟೋ ಸಲ ಆಕ್ಷೇಪಿಸಿದ್ದೆ. ಒಂದು ಮಧ್ಯಾಹ್ನ ಮಕ್ಕಳು ಬಟ್ಟಲು ತೊಳೆಯುತ್ತಿದ್ದಾಗ ಅವರು ನನ್ನ ಹತ್ತಿರ ಬಂದು ಸನ್ನಿಧಿಯನ್ನು ತೋರಿಸಿ ಹೇಳಿದರು.

"ಟೀಚ್ರೆ, ಈ ಹೆಣ್ಣ್ ನನ್ಹತ್ರ ಸಮಾ ಮಾತಾಡತ್ತ್. ನಾ ಆ ಬದಿಗ್ ತಿರ್ಗಿ ಹೇಳ್ರೆ ಮಾತ್ರ ಅದ್ಕೆ ಗೊತ್ತಾತಿಲ್ಲ. ಕೆಮಿ ಕೇಂತಿಲ್ಲ ಕಾಣತ್ತ್. ನಿಮ್ದ್ ಬಾಯಿ ಅದ್ಕೆ ಕಾಂತಿಲ್ಲ ಅಲ್ದಾ, ಹಂಗಾಯಿ ಆಯ್ಕ್."

ಕಿವಿಯ ತೊಂದರೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಆಗಲೇ ಸನ್ನಿಧಿಯನ್ನು ಕರೆದು, ಮಾಸ್ಕ್ ಕೆಳಗೆ ಎಳೆದು, ಬಗ್ಗಿ, ಅವಳ ಮುಖದ ಎದುರು ನನ್ನ ಮುಖವಿಟ್ಟು ಕೇಳಿದೆ, ಇವತ್ತು ಸಾರಿಗೆ ಎಂತ ಹಾಕಿದ್ದರು ಎಂದು. ಸೌತೆಕಾಯಿ ಎಂದಳು. ಏಳು ಮತ್ತು ಐದು ಎಷ್ಟು ಎಂದೆ. ಹನ್ನೆರಡು ಎಂದಳು. ನಿನ್ನ ಅಜ್ಜಿಯ ಹೆಸರೇನು ಎಂದರೆ ಹೇಳಿ ನಕ್ಕಳು. ನನಗೆ ಅವಳ ಎದುರು ನಿಲ್ಲಲಾಗಲಿಲ್ಲ. ಒಳಗೆ ಹೋಗಿ ನೀರು ಕುಡಿದು ಬಂದೆ. ಮೂರನೆಯ ತರಗತಿಯ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ.

ಆಮೇಲಿನದೆಲ್ಲ ನಿಧಾನವಾಗಿಯೇ ಆಯಿತು. ತಾಲೂಕಿನ ತಪಾಸಣಾ ಶಿಬಿರಕ್ಕೆ ಲಚ್ಚಕ್ಕ ಮತ್ತು ನಾನು ಅವಳನ್ನು ಕರೆದುಕೊಂಡು ಹೋದೆವು. ಎರಡೂ ಕಿವಿ ಅರ್ಧಕ್ಕಿಂತ ಕಡಿಮೆ ಕೇಳುತ್ತದೆ, ಹುಟ್ಟಿನಿಂದಲೇ ಇರಬೇಕು ಎಂದರು ಡಾಕ್ಟರು. ಅವಳು ಇಷ್ಟು ಕಾಲ ನಮ್ಮ ಬಾಯಿಯನ್ನು ಓದಿಯೇ ಮಾತು ಕಲಿತಿದ್ದಳು. ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಕಿವಿಗೆ ಹಾಕುವ ಮಿಷನ್ ಬಂತು. ನಾವೆಲ್ಲ ಸುತ್ತ ನಿಂತು ಅವಳು ಅದನ್ನು ಹಾಕಿಕೊಳ್ಳುವುದನ್ನು ನೋಡಿದೆವು. ಮರುದಿನ ಹನ್ನೊಂದು ಗಂಟೆಗೆ ಅವಳು ಅದನ್ನು ತೆಗೆದು ಕಂಪಾಸು ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದಳು. ಅದರ ಮರುದಿನವೂ ಹಾಗೆಯೇ.

ಅಂಥ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ವಿಶೇಷ ಶಿಕ್ಷಕಿ ಒಬ್ಬರಿದ್ದರು. ಅವರ ಪಾಲಿಗೆ ಎಷ್ಟೋ ಶಾಲೆಗಳು. ನಮ್ಮಲ್ಲಿಗೆ ತಿಂಗಳಿಗೆ ಒಮ್ಮೆ ಬಂದರೆ ಹೆಚ್ಚು. ಅವರು ಬಂದು ನಮ್ಮ ಕೋಣೆಯಲ್ಲಿ ಹತ್ತು ನಿಮಿಷ ಕೂತು, ಮಗು ಯಾಕೆ ತೆಗೆಯುತ್ತದೆಂದು ನನಗೆ ಗೊತ್ತಾಯಿತು ಎಂದರು. ಒಂದೇ ಕೋಣೆಯಲ್ಲಿ ಒಂದು ಗುಂಪು ಮಗ್ಗಿ ಹೇಳುತ್ತದೆ, ಇನ್ನೊಂದು ಪದ್ಯ ಓದುತ್ತದೆ, ಮೂಲೆಯಲ್ಲಿ ಯಾರೋ ಅಳುತ್ತಾರೆ. ಮಿಷನ್ನು ಎಲ್ಲ ಶಬ್ದವನ್ನೂ ಒಟ್ಟಿಗೆ ದೊಡ್ಡದು ಮಾಡಿ ಕಿವಿಗೆ ಹಾಕುತ್ತದೆ. ಅದರಲ್ಲಿ ಟೀಚರ ಮಾತು ಯಾವುದೆಂದು ಹುಡುಕುವುದು ಹೇಗೆ. ಅವಳಿಗೆ ಬೇರೆ ಕೋಣೆ ಬೇಕು, ಬೇರೆ ಕೋಣೆಗೆ ಇನ್ನೊಬ್ಬರು ಟೀಚರ್ ಬೇಕು ಎಂದರು.

ಆ ಇನ್ನೊಬ್ಬರು ನಮ್ಮ ಪುಣ್ಯಕ್ಕೆ ಆ ಜೂನ್‌ನಲ್ಲಿ ಬಂದರು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕಿಯಾಗಿ ಜ್ಯೋತಿ ಎಂಬ ಹುಡುಗಿಯನ್ನು ಕೊಟ್ಟರು. ಅತಿಥಿ ಶಿಕ್ಷಕಿ ಎಂದರೆ ಜೂನ್‌ನಲ್ಲಿ ಬಂದು ಬೇಸಗೆ ರಜೆಗೆ ಮನೆಗೆ ಹೋಗುವವರು. ಮುಂದಿನ ಜೂನ್‌ನಲ್ಲಿ ಮತ್ತೆ ಕರೆ ಬಂದರೆ ಬಂತು. ಜ್ಯೋತಿ ಅದೇ ಊರಿನವಳು, ಮದುವೆಯಾಗಿ ಒಂದು ಸಣ್ಣ ಮಗುವಿನ ತಾಯಿ. ಅವಳು ಸನ್ನಿಧಿಯನ್ನೂ ಇನ್ನು ನಾಲ್ಕು ಮಕ್ಕಳನ್ನೂ ಹಿಂದಿನ ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ನೆಲಕ್ಕೆ ಹಳೆಯ ಚಾಪೆ ಹಾಸಿದಳು, ಕಿಟಕಿಗೆ ಗೋಣಿ ಕಟ್ಟಿದಳು. ಶಬ್ದ ಕಡಿಮೆಯಾಗುತ್ತದೆ ಎಂದಳು. ಬಾಗಿಲಿನ ಬೆಳಕಿಗೆ ಎದುರಾಗಿ ತಾನು ಕೂತು, ಮಕ್ಕಳು ಬೆಳಕಿಗೆ ಬೆನ್ನು ಹಾಕಿ ಕೂರುವ ಹಾಗೆ ಮಾಡಿದಳು, ತನ್ನ ತುಟಿ ಅವರಿಗೆ ಚೆನ್ನಾಗಿ ಕಾಣಲೆಂದು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ವಾರದಲ್ಲಿ ಸನ್ನಿಧಿಯ ಮಿಷನ್ನು ಸಂಜೆಯವರೆಗೂ ಕಿವಿಯಲ್ಲೇ ಇರತೊಡಗಿತು. ಶಾಲೆಗೆ ಎಷ್ಟು ಟೀಚರು ಬೇಕು ಎಂಬುದರ ಮೇಲೆ ನಾನು ಎಷ್ಟೋ ಮೀಟಿಂಗುಗಳಲ್ಲಿ ಕೂತಿದ್ದೆ. ಅದು ಏನೆಂದು ಅರ್ಥವಾದದ್ದು ಆ ಗೋಡೆಯ ಆಚೆಯಿಂದ ಸನ್ನಿಧಿಯ ಓದು ಕೇಳಿದ ದಿನ.

ಆದರೆ ಅವಳು ಓದುತ್ತಿದ್ದ ಶಬ್ದಗಳು ಅರ್ಧರ್ಧವೇ ಇದ್ದವು. ಸ ಮತ್ತು ಶ ಬರುತ್ತಿರಲಿಲ್ಲ. ಶಬ್ದದ ಕೊನೆ ನುಂಗಿಹೋಗುತ್ತಿತ್ತು. ವಿಶೇಷ ಶಿಕ್ಷಕಿ ಅದೇ ಮಳೆಗಾಲದಲ್ಲಿ ಬಂದು ಒಂದು ಸಲಹೆ ಕೊಟ್ಟರು. ತಲ್ಲೂರಿನ ಕಡೆ ಒಂದು ದೊಡ್ಡ ಸರಕಾರಿ ಶಾಲೆಯಿದೆ. ತರಗತಿಗೊಬ್ಬರು ಟೀಚರು ಇದ್ದಾರೆ. ಅಲ್ಲಿಗೆ ತಾನು ವಾರಕ್ಕೆರಡು ದಿನ ಹೋಗುತ್ತೇನೆ, ಮಾತು ತಿದ್ದುವವರೂ ಕುಂದಾಪುರದಿಂದ ಬರುತ್ತಾರೆ. ಸನ್ನಿಧಿಯ ಅತ್ತೆಯ ಮನೆ ತಲ್ಲೂರಿನಲ್ಲೇ ಇತ್ತು. ಅಲ್ಲಿ ಉಳಿದು ಓದಲಿ, ಮಾತು ತಿದ್ದುವುದಕ್ಕೆ ಇದೇ ವಯಸ್ಸು, ತಡವಾದರೆ ಕಷ್ಟ ಎಂದರು. ಲಚ್ಚಕ್ಕ ನನ್ನನ್ನು ಕೇಳಲು ಬಂದರು. ಬುಟ್ಟಿಯನ್ನು ಗೇಟಿನ ಹೊರಗೆ ಇಟ್ಟು, ಕೈ ಒರೆಸಿಕೊಂಡು, ಕಳಿಸುವುದಾ ಬೇಡವಾ ನೀವೇ ಹೇಳಿ ಎಂದರು.

ಆ ವರ್ಷ ನಮ್ಮ ಶಾಲೆಯಲ್ಲಿದ್ದದ್ದು ಹತ್ತು ಮಕ್ಕಳು. ಹತ್ತಕ್ಕಿಂತ ಕೆಳಗಿಳಿದರೆ ಎರಡನೆಯ ಟೀಚರನ್ನು ಮುಂದುವರಿಸುವುದು ಕಷ್ಟ ಎಂದು ಆಫೀಸಿನಲ್ಲಿ ನನಗೆ ಬಾಯಿಮಾತಿನಲ್ಲಿ ಹೇಳಿದ್ದರು. ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರುಗಳು ಕೊನೆಗೆ ಬರುತ್ತವೆ. ಹತ್ತನೆಯದು ಸನ್ನಿಧಿಯದು.

ನಾನು ಲಚ್ಚಕ್ಕನಿಗೆ ಹೇಳಿದೆ: ಮಗು ಸಣ್ಣದು, ಮನೆ ಬಿಟ್ಟು ಇದ್ದು ಅಭ್ಯಾಸವಿಲ್ಲ. ದೊಡ್ಡ ಶಾಲೆಯಲ್ಲಿ ಕಿವಿಯ ಮಿಷನ್ ನೋಡಿ ಮಕ್ಕಳು ನಗಬಹುದು. ಇಲ್ಲಿ ಎಲ್ಲರಿಗೂ ಅವಳು ಗೊತ್ತು. ಜ್ಯೋತಿ ಟೀಚರ್ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹೇಗೂ ಐದು ಮುಗಿದ ಮೇಲೆ ಬೇರೆ ಶಾಲೆಗೆ ಹೋಗಲೇಬೇಕು, ಆಗ ನೋಡುವ. ಹೇಳಿದ ಒಂದೊಂದು ಮಾತೂ ನಿಜ. ಆದರೆ ನಾನು ಹಾಗೆ ಹೇಳಿದ್ದು ಆ ಕಾರಣಗಳಿಗಾಗಿ ಅಲ್ಲ. ಲಚ್ಚಕ್ಕ ತಲೆಯಾಡಿಸಿ, ಬುಟ್ಟಿ ಹೊತ್ತು ಹೋದರು.

ಉಳಿದ ಒಂಬತ್ತು ಮಕ್ಕಳಿಗಾಗಿ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳೂ ಅಲ್ಲ. ಜ್ಯೋತಿ ಹೋದರೆ ಮತ್ತೆ ಎಲ್ಲರೂ ಒಂದೇ ಕೋಣೆ. ನನಗೂ ಆಗ ಮೊಣಕಾಲು ನೋವು ಶುರುವಾಗಿತ್ತು, ಒಬ್ಬಳೇ ಮತ್ತೆ ಐದು ತರಗತಿ ಎಂದರೆ ಹೆದರಿಕೆಯಾಗುತ್ತಿತ್ತು. ಇದನ್ನೂ ಬರೆದುಬಿಡುತ್ತೇನೆ, ಬಿಟ್ಟರೆ ಹೇಳಿದ ಹಾಗೆ ಆಗುವುದಿಲ್ಲ.

ವರ್ಷ ಕಳೆಯಿತು. ಸನ್ನಿಧಿ ಐದನೆಯ ತರಗತಿಗೆ ಬಂದಳು. ಶಾಲೆಯಲ್ಲಿ ಮತ್ತೆ ಹತ್ತೇ ಮಕ್ಕಳು, ಮತ್ತೆ ಜ್ಯೋತಿ. ಜೂನ್ ಕೊನೆಗೆ ವಿಶೇಷ ಶಿಕ್ಷಕಿ ಬಂದು ಸನ್ನಿಧಿಯನ್ನು ಎದುರು ಕೂರಿಸಿಕೊಂಡು ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಹೆಸರು ಹೇಳಿಸಿದರು. ಹಿಂದಿನ ವರ್ಷ ಗುರುತು ಹಾಕಿದ್ದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡಿದ್ದರು. ಓದು ಬರಹದಲ್ಲಿ ಹುಡುಗಿ ಬಹಳ ಮುಂದೆ ಬಂದಿದ್ದಳು. ಮಾತು ಅಲ್ಲೇ ನಿಂತಿತ್ತು. ಯಾವ ಯಾವ ಶಬ್ದ ಬಂದಿರಲಿಲ್ಲವೋ ಅವು ಈಗಲೂ ಬರಲಿಲ್ಲ. ಅವರು ನನ್ನನ್ನು ದೂರಲಿಲ್ಲ. ಹಾಳೆ ಮಡಿಚುತ್ತ, ಒಂದು ವರ್ಷ ಹೋಯಿತಲ್ಲ ಟೀಚರ್ ಎಂದರು, ಅಷ್ಟೆ.

ಆ ಸಂಜೆ ಮಕ್ಕಳು ಹೋದ ಮೇಲೆ ನಾನು ಜ್ಯೋತಿಗೆ ಎಲ್ಲವನ್ನೂ ಹೇಳಿದೆ. ಅಜ್ಜಿ ಕೇಳಲು ಬಂದದ್ದು, ನಾನು ತಡೆದದ್ದು, ಯಾಕೆ ತಡೆದದ್ದು. ಅವಳು ಮಕ್ಕಳ ಚಾಪೆ ಸುತ್ತುತ್ತಿದ್ದವಳು ಅಲ್ಲೇ ಕೂತಳು.

"ನಂಗೆ ಹೋದ್ ವರ್ಷವೇ ಗೊತ್ತಿತ್ತ್ ಟೀಚರ್," ಎಂದಳು. "ಹೇಳುಕೆ ಬಾಯಿ ಬರ್ಲಿಲ್ಲ. ಹೇಳ್ರೆ ನಾನೇ ಹೋಯ್ಕಲ್ದಾ."

ಹೊರಗೆ ಮಳೆ ಬರುತ್ತಿತ್ತು. ಜ್ಯೋತಿಗೆ ಆ ಕೆಲಸ ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಮಗುವನ್ನು ಅಮ್ಮನ ಹತ್ತಿರ ಬಿಟ್ಟು, ನಡೆದುಕೊಂಡು ಬಂದು ಹೋಗುವಷ್ಟು ಹತ್ತಿರದ ಶಾಲೆ ಅವಳಿಗೆ ಇನ್ನೊಂದು ಸಿಗುವುದು ಸುಲಭವಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಚಾಪೆಯನ್ನು ಮೂಲೆಗೆ ನಿಲ್ಲಿಸಿ ಹೇಳಿದಳು.

"ಟಿ.ಸಿ. ಬರೀರಿ ಟೀಚರ್. ಇನ್ನ್ ತಡ ಮಾಡುದ್ ಬ್ಯಾಡ."

ಟಿ.ಸಿ. ಬರೆಯುವ ಮೊದಲು ಲಚ್ಚಕ್ಕನಿಗೆ ನಿಜ ಹೇಳಬೇಕಿತ್ತು. ಮರುದಿನ ಬೆಳಿಗ್ಗೆ ಅವರು ಮೀನು ಮಾರುತ್ತ ಬರುವ ದಾರಿಯಲ್ಲಿ ಕಾದು ನಿಂತೆ. ಕೊಡೆ ಹಿಡಿದುಕೊಂಡೇ ಹೇಳಿದೆ. ಅವರು ಬುಟ್ಟಿ ಇಳಿಸಲಿಲ್ಲ. ತಲೆಯ ಮೇಲೆ ಭಾರ ಇಟ್ಟುಕೊಂಡೇ ಕೇಳಿದರು.

"ನೀವ್ ಹೇಳ್ರಿ ಅಂದೇಳಿ ನಾ ಸುಮ್ನಾದದ್," ಎಂದರು. "ಡಾಕ್ಟ್ರ್ ಹೇಳ್ರೂ ನಾ ಅಷ್ಟ್ ನಂಬುದಿಲ್ಲ."

ಅಷ್ಟು ಹೇಳಿ ಮುಂದೆ ನಡೆದರು. ಬೈದಿದ್ದರೆ ಸಹಿಸಬಹುದಿತ್ತು. ನಾನು ಶಾಲೆಗೆ ಹೋಗಿ ಹಾಜರಿ ಕರೆದೆ. ಸನ್ನಿಧಿ ಎಂದಿನಂತೆ ಬಂದಿದ್ದಳು, ಎಂದಿನಂತೆ ನನ್ನ ಬಾಯಿ ನೋಡಿ ಹಾಜರ್ ಎಂದಳು. ಆಮೇಲೆ ಮೂರು ದಿನ ಲಚ್ಚಕ್ಕ ಶಾಲೆಯ ಮುಂದಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋದರು.

ನಾಲ್ಕನೆಯ ದಿನ ಮೊಮ್ಮಗಳ ಕೈ ಹಿಡಿದು ಬಂದರು. ಮೀನಿನ ಸೀರೆಯಲ್ಲಲ್ಲ, ಪೇಟೆಗೆ ಉಡುವ ಸೀರೆಯಲ್ಲಿ. ಅತ್ತೆಯ ಮನೆಯವರು ಒಪ್ಪಿದ್ದಾರೆ, ಶನಿವಾರ ಕರೆದುಕೊಂಡು ಬರುತ್ತೇವೆ, ಭಾನುವಾರ ಬಿಟ್ಟು ಬರುತ್ತೇವೆ ಎಂದರು. ನಾನು ಟಿ.ಸಿ. ಕೊಟ್ಟೆ. ಅವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡು ಅಲ್ಲೇ ನಿಂತರು.

"ಅಲ್ಲಿಯವ್ರಿಗೆ ನಮ್ಮ್ ಹೆಣ್ಣ್ ಹ್ಯಾಂಗೆ ಅಂದೇಳಿ ಗೊತ್ತಿಲ್ಲ ಟೀಚ್ರೆ. ನೀವ್ ಒಂದ್ ಕಾಗ್ದ ಬರ್ದ್ ಕೊಡಿ. ನಿಮ್ಗೆ ಗೊತ್ತಿದ್ದಷ್ಟೂ ಬರೀರಿ."

ನನ್ನನ್ನು ಅವರು ಕ್ಷಮಿಸಿದರೋ ಇಲ್ಲವೋ ನಾನು ಎಂದೂ ಕೇಳಲಿಲ್ಲ. ಆ ಕಾಗದ ಕೇಳಿದ್ದೇ ನನಗೆ ಸಾಕಾಯಿತು. ಮಕ್ಕಳಿಗೆ ಚಿತ್ರ ಬಿಡಿಸಲು ಹೇಳಿ, ಜ್ಯೋತಿಯನ್ನೂ ಗಿರಿಜಕ್ಕನನ್ನೂ ಕರೆದು ಕೂರಿಸಿಕೊಂಡು ಬರೆಯಲು ಕೂತೆ. ಇವಳ ಎದುರಿಗೆ ಬಂದು ಮಾತಾಡಿ. ಬೋರ್ಡಿಗೆ ತಿರುಗಿ ಹೇಳಿದ್ದು ಇವಳಿಗೆ ಇಲ್ಲ. ಅರ್ಥವಾಯಿತಾ ಎಂದು ಕೇಳಬೇಡಿ, ಅರ್ಥವಾಗದಿದ್ದರೂ ಹೂಂ ಎನ್ನುತ್ತಾಳೆ. ಏನು ಅರ್ಥವಾಯಿತು ಹೇಳು ಎಂದು ಕೇಳಿ. ಮಿಷನ್ನಿಗೆ ಬೆವರು ತಾಗಿದರೆ ಕೆಡುತ್ತದೆ, ಆಟಕ್ಕೆ ಹೋಗುವಾಗ ತೆಗೆದು ಒಣ ಡಬ್ಬದಲ್ಲಿಡಬೇಕು. ಗಿರಿಜಕ್ಕ, ಬಂಗುಡೆ ಸಾರಿನ ಸುದ್ದಿ ತೆಗೆದರೆ ಎಷ್ಟು ಬೇಕಾದರೂ ಮಾತಾಡುತ್ತಾಳೆ ಎಂದು ಬರೆಯಲು ಹೇಳಿದರು. ಅದನ್ನೂ ಬರೆದೆ. ಎರಡು ಹಾಳೆ ತುಂಬಿತು. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಬಗ್ಗೆ ವರದಿ ಬರೆದಿದ್ದೇನೆ. ಒಂದು ಮಗುವಿನ ಬಗ್ಗೆ ನಿಜವಾಗಿ ಬರೆದದ್ದು ಅದೊಂದೇ.

ನಾನು ಹೆದರಿದ್ದ ಹಾಗೆಯೇ ಆಯಿತು. ಜುಲೈಯಲ್ಲಿ ಮಕ್ಕಳ ಸಂಖ್ಯೆ ಒಂಬತ್ತು ಎಂದು ಕಳಿಸಿದೆ, ಆಗಸ್ಟಿನಲ್ಲಿ ಜ್ಯೋತಿಯನ್ನು ಬಿಡುಗಡೆ ಮಾಡಿ ಎಂದು ಬಂತು. ಆಫೀಸಿಗೆ ಹೋಗಿ ಕೇಳಿಕೊಂಡೆ. ಇದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೇ ಕೊಡಲು ಜನ ಇಲ್ಲ ಎಂದರು. ಅದೂ ನಿಜವೇ. ಜ್ಯೋತಿ ಹೊರಡುವ ದಿನ ಕಿಟಕಿಯ ಗೋಣಿಯನ್ನು ಬಿಚ್ಚಿ ಒಗೆದು ಒಣಗಿಸಿ ಮಡಿಸಿಟ್ಟು ಹೋದಳು. ಮುಂದಿನ ವರ್ಷ ಅವಳಿಗೆ ಶಿರೂರಿನ ಕಡೆಯ ಶಾಲೆಯೊಂದು ಸಿಕ್ಕಿತು, ಎರಡು ಬಸ್ಸು ಬದಲಿಸಿ ಹೋಗಬೇಕು. ಹೋಗುತ್ತಿದ್ದಾಳೆ. ಅಲ್ಲಿ ಹಾಜರಿ ಕರೆಯುವ ಮೊದಲು ಹೊಸ ಮಕ್ಕಳ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು, ತಿರುಗುತ್ತಾರಾ ಎಂದು ನೋಡುತ್ತೇನೆ ಎಂದು ಫೋನಿನಲ್ಲಿ ಹೇಳಿದಳು. ಇದೊಂದನ್ನು ನೀವೂ ಮಾಡಿ. ಇದಕ್ಕೆ ಯಾವ ಆದೇಶವೂ ಬೇಡ, ಐದು ನಿಮಿಷ ಸಾಕು.

ಆ ವರ್ಷವೇ ನನ್ನ ಕೊನೆಯದು. ಉಳಿದ ತಿಂಗಳು ಆ ಒಂಬತ್ತು ಮಕ್ಕಳನ್ನು ನಾನೊಬ್ಬಳೇ ನೋಡಿಕೊಂಡೆ. ಚೆನ್ನಾಗಿ ಕಲಿಸಿದೆ ಎಂದು ಹೇಳಲಾರೆ. ನಾನು ಮೀಟಿಂಗಿಗೆ ಹೋದ ದಿನ ಗಿರಿಜಕ್ಕ ಒಲೆ ಆರಿಸಿ ಬಂದು ಮಕ್ಕಳಿಂದ ಪದ್ಯ ಹೇಳಿಸುತ್ತಿದ್ದರು. ಅವರಿಗೆ ಓದಲು ಬಾರದು, ಪದ್ಯಗಳೆಲ್ಲ ಅಡುಗೆ ಕೋಣೆಯಿಂದ ಕೇಳಿಯೇ ಬಾಯಿಪಾಠವಾಗಿದ್ದವು. ನಿವೃತ್ತಿಯ ದಿನ ಅವರೇ ಪಾಯಸ ಮಾಡಿದರು. ಲಚ್ಚಕ್ಕ ಬಂದು ಹಿಂದಿನ ಸಾಲಿನಲ್ಲಿ ಕೂತು ಉಂಡು ಹೋದರು.

ಈ ವರ್ಷ ಒಂದು ಕೆಲಸಕ್ಕಾಗಿ ತಲ್ಲೂರಿನ ಕಡೆಗೆ ಹೋಗಿದ್ದೆ. ಆ ದೊಡ್ಡ ಶಾಲೆಯ ಮುಂದೆ ಬಸ್ಸು ನಿಂತಾಗ ಇಳಿದುಬಿಟ್ಟೆ. ಮಧ್ಯಾಹ್ನದ ಬಿಡುವಿನ ಹೊತ್ತು. ಏಳನೆಯ ತರಗತಿಯ ಟೀಚರನ್ನು ಹುಡುಕಿ, ನಾನು ಸನ್ನಿಧಿಯ ಹಳೆಯ ಶಾಲೆಯವಳು ಎಂದು ಪರಿಚಯ ಹೇಳಿಕೊಂಡೆ. ಅವರು ಕುರ್ಚಿ ಕೊಟ್ಟು, ನೀವು ಬರೆದ ಕಾಗದ ಈಗಲೂ ನಮ್ಮ ಫೈಲಿನಲ್ಲಿದೆ ಎಂದರು. ಅವಳು ಈಗ ಹೇಗಿದ್ದಾಳೆ ಎಂದು ಕೇಳಿದೆ. ಅವರು ತಲೆಗೆ ಕೈ ಹಚ್ಚಿಕೊಂಡರು.

"ನಿಮ್ಮ್ ಹೆಣ್ಣಿನ್ ಬಾಯಿ ಒಂದ್ ನಿಮಿಷ ನಿಲ್ಲುದಿಲ್ಲ ಮರಾಯ್ರೆ. ಮೂರ್ ಸಲ ಜಾಗ ಬದ್ಲ್ ಮಾಡ್ದೆ. ಎಲ್ಲಿ ಕೂರ್ಸ್ರೂ ಹತ್ರ ಕೂತವ್ರನ್ನ ಮಾತಾಡ್ಸತ್ತ್."

ನನ್ನ ಕೆಲಸದ ವರ್ಷಗಳಲ್ಲಿ ಮಕ್ಕಳ ಮೇಲೆ ಎಷ್ಟು ದೂರು ಕೇಳಿದ್ದೇನೋ ಲೆಕ್ಕವಿಲ್ಲ. ಆ ದೂರನ್ನು ಇನ್ನೊಮ್ಮೆ ಹೇಳಿ ಎಂದು ಕೇಳುವ ಆಸೆಯಾಯಿತು. ಅಷ್ಟರಲ್ಲಿ ಯಾರೋ ಹೇಳಿರಬೇಕು, ಸನ್ನಿಧಿ ಓಡಿ ಬಂದಳು. ನನಗಿಂತ ಎತ್ತರವಾಗಿದ್ದಳು. ಬಂದವಳೇ ಅಜ್ಜಿಯ ಕಾಲುನೋವಿನ ಸುದ್ದಿ ಹೇಳಿದಳು, ಅಪ್ಪನ ಹೊಸ ಬೋಟಿನ ಸುದ್ದಿ ಹೇಳಿದಳು, ಜ್ಯೋತಿ ಟೀಚರ ಮಗು ಈಗ ಎಷ್ಟು ದೊಡ್ಡದು ಎಂದು ಕೇಳಿದಳು, ಉತ್ತರ ಹೇಳುವ ಮೊದಲೇ ಗಿರಿಜಕ್ಕನ ಬಗ್ಗೆ ಕೇಳಿದಳು. ಕೆಲವು ಶಬ್ದಗಳು ಈಗಲೂ ಸ್ವಲ್ಪ ಸೊಟ್ಟ. ಆದರೆ ಒಂದೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಬೆಲ್ ಆಯಿತು. ಮಕ್ಕಳೆಲ್ಲ ಒಳಗೆ ಹೋದರು. ಅವಳ ಮಾತು ಮುಗಿದಿರಲಿಲ್ಲ. ಅವರ ಟೀಚರು ಬಾಗಿಲಲ್ಲಿ ಬಂದು ನಿಂತರು, ನಮ್ಮ ಕಡೆ ನೋಡಿದರು, ಅವಳನ್ನು ಕರೆಯದೆ ಒಳಗೆ ಹೋಗಿ ಪಾಠ ಶುರು ಮಾಡಿದರು.